ಲೈವ್ ನೋಡೋದಾ, ರೆಕಾರ್ಡಿಂಗ್ ಸಾಕಾ?

ದೂರದ ಗೆಳೆಯರ ಜೊತೆ ಕೂತು ಸಂಗೀತ ಕೇಳಲು 2020ರ ಲಾಕ್‌ಡೌನ್ ಎರಡು ದಾರಿ ತೋರಿಸಿತು.

ಏಪ್ರಿಲ್ 12, ಈಸ್ಟರ್ ದಿನ. ಇಟಲಿಯ ಗಾಯಕ ಆಂಡ್ರಿಯಾ ಬೊಚೆಲ್ಲಿ ಮಿಲಾನ್‌ನ ಖಾಲಿ ಕ್ಯಾಥೆಡ್ರಲ್‌ನಲ್ಲಿ (ದೊಡ್ಡ ಚರ್ಚ್) ಹಾಡಿದರು. ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ಆಗಲೇ ಕೇಳುತ್ತಿದ್ದರು. ಲೈವ್‌ನ ಬಲವೇ ಅದು. ಬೇರೆಯವರೂ ಈಗಲೇ ಕೇಳುತ್ತಿದ್ದಾರೆ ಅನ್ನೋದು ಎಷ್ಟು ದೊಡ್ಡ ಸಮಾಧಾನ ಅಲ್ವಾ? ಆದರೆ ಇಂಟರ್ನೆಟ್ ಕೈಕೊಟ್ಟರೆ ಆ ಸ್ವರ ತಪ್ಪಿಹೋಗುತ್ತದೆ. ಒಬ್ಬೊಬ್ಬರಿಗೆ ಕೆಲವು ಸೆಕೆಂಡ್ ಹಿಂದೆಮುಂದೆ ತಲುಪುತ್ತದೆ. ಹಾಗಾಗಿ ಫೋನ್ ಹಿಡಿದು ಮಾತಾಡುತ್ತಾ ಕೇಳಬೇಡಿ, ಚಾಟ್ ಸಾಕು.

ಇನ್ನೊಂದು ದಾರಿ ರೆಕಾರ್ಡಿಂಗ್. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾ ಎಂಬ ಸಂಗೀತನಾಟಕ ಸಂಸ್ಥೆ ಆ ವರ್ಷದ ಮಾರ್ಚ್‌ನಿಂದ ತನ್ನ ಹಳೆಯ ರೆಕಾರ್ಡಿಂಗ್‌ಗಳನ್ನು ರಾತ್ರಿಗೊಂದರಂತೆ ಉಚಿತವಾಗಿ ತೋರಿಸಿತು. ಇದರಲ್ಲಿ ಅಡಚಣೆ ಕಡಿಮೆ, ಬೇರೆ ದೇಶದವರಿಗೂ ಸಮಯ ಹೊಂದಿಸೋದು ಸುಲಭ.

ಸಂಗೀತವೇ ಮುಖ್ಯವಾದರೆ ರೆಕಾರ್ಡಿಂಗ್ ಆರಿಸಿ. ಒಂಟಿತನ ಕಾಡುತ್ತಿದ್ದರೆ ಮಾತ್ರ ಲೈವನ್ನೇ ನೋಡಿ, ಧ್ವನಿ ಸ್ವಲ್ಪ ಒಡೆದರೂ ಪರವಾಗಿಲ್ಲ.