ಮಾನಿಟರ್‌ಗೆ ಆಟೋ ಬ್ರೈಟ್‌ನೆಸ್: ಜಿವೈ-302 ಸೆನ್ಸರ್ ಬೋರ್ಡ್ ಹೇಗಿದೆ?

ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಸುತ್ತಲಿನ ಬೆಳಕು ನೋಡಿಕೊಂಡು ಸ್ಕ್ರೀನ್ ತಾನೇ ಹೊಂದಿಕೊಳ್ಳುವುದು ಮಾಮೂಲು. ಮೇಜಿನ ಮೇಲಿನ ಮಾನಿಟರ್‌ಗಳಲ್ಲಿ ಬಹುಪಾಲಿಗೆ ಆ ಸೌಕರ್ಯವೇ ಇಲ್ಲ. ಮಧ್ಯಾಹ್ನದ ಕಿಟಕಿ ಬೆಳಕಿಗೆಂದು ಏರಿಸಿದ ಬ್ರೈಟ್‌ನೆಸ್ ರಾತ್ರಿ ಕಣ್ಣಿಗೆ ಕುಕ್ಕುತ್ತದೆ. ಈ ಕೊರತೆ ತುಂಬಲು ಸಾಮಾನ್ಯವಾಗಿ ಇನ್ನೂರು ರೂಪಾಯಿ ಒಳಗೇ ಸಿಗುವ, ಬೆಳಕು ಅಳೆಯುವ ಜಿವೈ-302 ಬೋರ್ಡ್ ಧಾರಾಳವಾಗಿ ಸಾಕು.

ಇದರ ಮೇಲಿರುವುದು ಜಪಾನಿನ ರೋಮ್ ಕಂಪನಿ ವಿನ್ಯಾಸದ ಬಿಎಚ್1750 ಚಿಪ್. ಬೆಳಕಿಗೆ ತಕ್ಕಂತೆ ಪ್ರತಿರೋಧ ಬದಲಿಸುವ ಎಲ್‌ಡಿಆರ್‌ನಂತೆ ಬರೀ ವೋಲ್ಟೇಜ್ ಕೊಟ್ಟು ಲೆಕ್ಕ ನಮ್ಮ ತಲೆಗೆ ಕಟ್ಟುವುದಿಲ್ಲ. ಬಂದ ಸಂಖ್ಯೆಯನ್ನು 1.2ರಿಂದ ಭಾಗಿಸಿದರೆ ನೇರ ಲಕ್ಸ್, ಅಂದರೆ ಬೆಳಕಿನ ಅಳತೆ. ಮನುಷ್ಯನ ಕಣ್ಣಿಗೆ ಹತ್ತಿರವಾದ ಬಣ್ಣಸಂವೇದನೆ ಇರುವುದರಿಂದ ಟ್ಯೂಬ್‌ಲೈಟ್, ಎಲ್‌ಇಡಿ, ಬಿಸಿಲು ಯಾವುದರಲ್ಲೂ ಅಳತೆ ನಂಬುವಂತಿದೆ.

ಸೆನ್ಸರ್ ಓದಲು ಬೇಕಾದ ಪುಟ್ಟ ಪ್ರೋಗ್ರಾಮಬಲ್ ಬೋರ್ಡ್ ಆರ್ಡುಯಿನೋ ನ್ಯಾನೋಗೆ ಜೋಡಿಸಲು ನಾಲ್ಕೇ ತಂತಿ: ವಿಸಿಸಿ (ವಿದ್ಯುತ್), ಗ್ರೌಂಡ್, ಎಸ್‌ಡಿಎ (ಡೇಟಾ) ಎ4ಗೆ, ಎಸ್‌ಸಿಎಲ್ (ಕ್ಲಾಕ್) ಎ5ಗೆ. ಎಡಿಡಿಆರ್ ಪಿನ್ ಗ್ರೌಂಡ್‌ಗೆ ಸೇರಿದ್ದರೆ ಪ್ರೋಗ್ರಾಮ್ ಚಿಪ್ಪನ್ನು ಗುರುತಿಸುವ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 23, ವಿಸಿಸಿಗೆ ಸೇರಿದ್ದರೆ 5ಸಿ. ಬೋರ್ಡ್ ಜತೆ ಪಿನ್‌ಗಳು ಸಾಮಾನ್ಯವಾಗಿ ಬಿಡಿಯಾಗಿ ಬರುತ್ತವೆ; ಸೋಲ್ಡರ್ ಮಾಡದೆ ಸುಮ್ಮನೆ ಸಿಕ್ಕಿಸಿ ನೋಡುವವರೇ ಹೆಚ್ಚು ಒದ್ದಾಡುವುದು. ಲಕ್ಸ್ ಜಾಗದಲ್ಲಿ 54612.5 ಎಂಬ ಸಂಖ್ಯೆ ಅಲುಗಾಡದೆ ನಿಂತಿದ್ದರೆ ಮೊದಲು ತಂತಿ ನೋಡಿ. ಚಿಪ್‌ನಿಂದ ಉತ್ತರವೇ ಬಾರದೆ ಎಲ್ಲ ಬಿಟ್‌ಗಳೂ 1 ಎಂದು ಓದಿದಾಗ 65535 ಬರುತ್ತದೆ, ಅದನ್ನು 1.2ರಿಂದ ಭಾಗಿಸಿದರೆ ಸಿಗುವುದು ಇದೇ.

ಚಿಪ್‌ನ ಅಳತೆಯ ಮೋಡ್ ಆರಿಸುವಾಗ ಎಚ್ಚರ ಬೇಕು. ಹೈ ರೆಸಲ್ಯೂಶನ್ ಮೋಡ್ ಒಂದು ಅಳತೆಗೆ ಸುಮಾರು 120 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 120 ಮಿಲಿಸೆಕೆಂಡಿನಲ್ಲಿ ಆ ಏರಿಳಿತ ಸರಿದೂಗುತ್ತದೆ. ಲೋ ಮೋಡ್‌ನದು 16 ಮಿಲಿಸೆಕೆಂಡ್ ಮಾತ್ರ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಅದರ ಅಳತೆ ಕುಣಿಯುವ ಸಾಧ್ಯತೆ ಹೆಚ್ಚು. ವೇಗದ ಆಸೆಗೆ ಅದನ್ನು ಮುಟ್ಟಲೇಬೇಡಿ.

ಸೆನ್ಸರ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಮಾನಿಟರ್ ಮೇಲಂಚಿನಲ್ಲಿ, ಸ್ಕ್ರೀನಿನಂತೆಯೇ ನಿಮ್ಮ ಕಡೆಗೆ ಮುಖ ಮಾಡಿ ಅಂಟಿಸಿ. ಸ್ಕ್ರೀನಿನ ಬೆಳಕು ಸೆನ್ಸರ್‌ಗೆ ಬೀಳುವಂತಿದ್ದರೆ ಸ್ಕ್ರೀನ್ ಬೆಳಗಿದಷ್ಟೂ ಲಕ್ಸ್ ಏರುತ್ತದೆ, ಲಕ್ಸ್ ಏರಿದಷ್ಟೂ ಸ್ಕ್ರೀನ್ ಬೆಳಗುತ್ತದೆ. ನಮ್ಮ ಮನೆಗಳಲ್ಲಿ ಇನ್ನೊಂದು ತಾಪತ್ರಯ ಸೀಲಿಂಗ್ ಫ್ಯಾನ್: ದೀಪ ಫ್ಯಾನಿಗಿಂತ ಮೇಲಿದ್ದರೆ ರೆಕ್ಕೆಗಳ ನೆರಳು ಸೆನ್ಸರ್ ಮೇಲೆ ಹಾಯುತ್ತಲೇ ಇರುತ್ತದೆ. ಎರಡು ಸೆಕೆಂಡಿನ ಅಳತೆಗಳ ಸರಾಸರಿ ತೆಗೆದುಕೊಂಡರೆ ಇದು ಬಹುಮಟ್ಟಿಗೆ ಅಡಗುತ್ತದೆ.

ಲಕ್ಸ್‌ನಿಂದ ಬ್ರೈಟ್‌ನೆಸ್‌ಗೆ ನೇರ ಅನುಪಾತ ಇಟ್ಟರೆ ಕೆಡುತ್ತದೆ. 1000 ಲಕ್ಸ್‌ಗೆ ಬ್ರೈಟ್‌ನೆಸ್ 100 ಎಂದು ಹಿಡಿದರೆ 50 ಲಕ್ಸ್‌ನ ಸಂಜೆ ಕೋಣೆಗೆ ಸಿಗುವುದು ಬರೀ 5. ಅಕ್ಷರ ಓದುವುದೂ ಕಷ್ಟ. ಕಣ್ಣು ಬೆಳಕನ್ನು ಹೆಚ್ಚುಕಡಿಮೆ ಲಾಗರಿದಮ್ ಲೆಕ್ಕದಲ್ಲಿ ಗ್ರಹಿಸುತ್ತದೆ. ಹಾಗಾಗಿ 10 ಲಕ್ಸ್‌ಗೆ 15, 100ಕ್ಕೆ 45, 1000ಕ್ಕೆ 75 ಎಂದು, ಹತ್ತು ಪಟ್ಟಿಗೊಮ್ಮೆ 30 ಅಂಕ ಏರಿಸಿ. ಆಗ ಅದೇ 50 ಲಕ್ಸ್‌ಗೆ 36 ಬರುತ್ತದೆ. ಆರಂಭಕ್ಕೆ ಇದು ಒಳ್ಳೆಯ ಅಳತೆ, ಮಾನಿಟರ್‌ಗೆ ತಕ್ಕಂತೆ ಆಮೇಲೆ ತಿದ್ದಿಕೊಳ್ಳಿ.

ಆರ್ಡುಯಿನೋ ಲಕ್ಸ್ ಸಂಖ್ಯೆಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕೊಡುತ್ತದೆ; ಅಲ್ಲಿಂದ ಮಾನಿಟರ್‌ಗೆ ಆಜ್ಞೆ ಹೋಗುವುದು ಡಿಡಿಸಿ/ಸಿಐ ಮೂಲಕ, ಅಂದರೆ ವಿಡಿಯೋ ಕೇಬಲ್‌ನಲ್ಲೇ ಮಾನಿಟರ್ ಸೆಟ್ಟಿಂಗ್ ಬದಲಿಸುವ ವ್ಯವಸ್ಥೆ. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್, ವಿಂಡೋಸ್‌ನಲ್ಲಿ ಟ್ವಿಂಕಲ್ ಟ್ರೇ, ಎರಡನ್ನೂ ಕಮಾಂಡ್ ಲೈನ್‌ನಿಂದ ನಡೆಸಬಹುದು. ಬ್ರೈಟ್‌ನೆಸ್ ಕೋಡ್ ಹೆಕ್ಸ್ 10. ಕೆಲಸ ಮಾಡದಿದ್ದರೆ ಮಾನಿಟರ್‌ನ ಮೆನುವಿನಲ್ಲಿ ಡಿಡಿಸಿ ಆನ್ ಇದೆಯೇ, ಡೈನಮಿಕ್ ಕಾಂಟ್ರಾಸ್ಟ್ ಆಫ್ ಇದೆಯೇ ನೋಡಿ. ಕೆಲವು ಡಾಕ್ ಮತ್ತು ಅಡಾಪ್ಟರ್‌ಗಳು ಈ ಸಿಗ್ನಲ್ ದಾಟಿಸುವುದೇ ಇಲ್ಲ.

ಪ್ರತಿ ಸೆಕೆಂಡಿಗೂ ಆಜ್ಞೆ ಕಳಿಸುವುದು ತಪ್ಪು. ಕೆಲವು ಮಾನಿಟರ್‌ಗಳು ಪ್ರತಿ ಬದಲಾವಣೆಯನ್ನೂ ತಮ್ಮ ಮೆಮೊರಿಯಲ್ಲಿ ಬರೆದಿಡುತ್ತವೆ, ಆ ಮೆಮೊರಿ ಇಂತಿಷ್ಟೇ ಸಲ ಬರೆಸಿಕೊಳ್ಳುವಂಥದ್ದು. ವ್ಯತ್ಯಾಸ 5 ಅಂಕ ಮೀರಿದಾಗ ಮಾತ್ರ ಕಳಿಸಿ. ಏರಿಸುವುದಕ್ಕಿಂತ ಇಳಿಸುವಾಗ ಹೆಚ್ಚು ಕಾಯಿರಿ: ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಏರಲು 4 ಸೆಕೆಂಡ್, ಇಳಿಯಲು 8 ಸೆಕೆಂಡ್ ಎಂದಿದೆ. ಯಾರೋ ಎದುರಿಗೆ ಹಾದುಹೋದರೆ ಸ್ಕ್ರೀನ್ ಮಂಕಾಗದಿರಲು ಅಷ್ಟು ತಾಳ್ಮೆ ಬೇಕು.

ಇನ್ನೊಂದು ಬೆಳಕಿನ ಸೆನ್ಸರ್ ಟಿಎಸ್‌ಎಲ್2591 ಬಿಎಚ್1750ಗಿಂತ ಸೂಕ್ಷ್ಮ, ಬೆಳದಿಂಗಳಿಗಿಂತ ಮಂದ ಬೆಳಕನ್ನೂ ಅಳೆಯಬಲ್ಲದು. ಬೆಲೆಯೂ ಹೆಚ್ಚು. ಮೇಜಿನ ಕೆಲಸದಲ್ಲಿ 1 ಲಕ್ಸ್‌ಗಿಂತ ಕೆಳಗಿನ ಲೆಕ್ಕ ಬಳಕೆಗೇ ಬರುವುದಿಲ್ಲವಾದ್ದರಿಂದ ಅದಕ್ಕೆ ಹಣ ಸುರಿಯಬೇಕಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದಾದರೆ ಪಿನ್ ಸೋಲ್ಡರ್ ಮಾಡಿರುವ ಬೋರ್ಡನ್ನೇ ಕೇಳಿ.