ಪೋಸ್ಟ್‌ಗ್ರೆಸ್ ಡಾಕ್ಯುಮೆಂಟೇಶನ್: ಎಂಟು ವರ್ಷ ಓದಿ, ಮೂರು ಸಲ ತಿದ್ದಲು ಹೋದವನ ವಿಮರ್ಶೆ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4. ಇದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ (ಮಾಹಿತಿ ಜೋಡಿಸಿಡುವ ಸಾಫ್ಟ್‌ವೇರ್) ಕೊಟ್ಟ ಅಂಕ ಅಲ್ಲ. ಅದರ ಡಾಕ್ಯುಮೆಂಟೇಶನ್‌ಗೆ, ಅಂದರೆ ಬಳಸುವ ವಿವರ ಬರೆದ ಕೈಪಿಡಿಗೆ, ಮತ್ತೆ ಅದರಲ್ಲಿ ತಪ್ಪು ಕಂಡರೆ ತಿದ್ದಿಸೋಕೆ ಇರುವ ವ್ಯವಸ್ಥೆಗೆ ಕೊಟ್ಟಿದ್ದು.

ನಾನು ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯಲ್ಲಿದ್ದೇನೆ. ಒಟ್ಟು ಐದು ಜನ. ಡೇಟಾಬೇಸ್ ನೋಡಿಕೊಳ್ಳೋಕೆ ಅಂತ ಬೇರೆ ಆಳಿಲ್ಲ, ಅದೂ ನನ್ನ ತಲೆ ಮೇಲೇ. 9.6 ಆವೃತ್ತಿ ಇದ್ದಾಗಿನಿಂದ ಈ ಡಾಕ್ಯುಮೆಂಟೇಶನ್ ಓದುತ್ತಿದ್ದೇನೆ. ಪಿಡಿಎಫ್ ಮಾಡಿದರೆ ಹತ್ತಿರ ಹತ್ತಿರ 3,000 ಪುಟ ಬರುತ್ತದೆ. ಪೂರ್ತಿ ಓದಿದ್ದೀನಿ ಅಂದರೆ ಸುಳ್ಳಾಗುತ್ತದೆ. ಬೇಕಾದಾಗ ಬೇಕಾದ ಪುಟ ತೆಗೆದು ಓದಿದ್ದು, ಅಷ್ಟೇ.

ಶುರುವಲ್ಲಿ ಟ್ಯುಟೋರಿಯಲ್ ಇದೆ. ಅಲ್ಲಿ ಹವಾಮಾನದ ಒಂದು ಟೇಬಲ್ ಮಾಡಿಸುತ್ತಾರೆ. ಮೊದಲ ಸಾಲು ಸ್ಯಾನ್ ಫ್ರಾನ್ಸಿಸ್ಕೊ, ಕನಿಷ್ಠ 46, ಗರಿಷ್ಠ 50, ಮಳೆ 0.25, ತಾರೀಖು 1994ರ ನವೆಂಬರ್ 27. ನಾನು ಮೊದಲ ಸಲ ನೋಡಿದಾಗ ಗಾಬರಿಯಾದೆ. ಕಲಬುರಗಿಯ ಮೇ ತಿಂಗಳಲ್ಲೂ 46 ಆದರೆ ಪೇಪರಿನ ಮೊದಲ ಪುಟಕ್ಕೆ ಬರುತ್ತದೆ, ಇಲ್ಲಿ ನೋಡಿದರೆ ನವೆಂಬರಲ್ಲಿ ಕನಿಷ್ಠವೇ 46! ಆಮೇಲೆ ಹೊಳೆಯಿತು, ಅದು ಫ್ಯಾರನ್‌ಹೀಟ್. ಯಾವ ಡಿಗ್ರಿ ಅಂತ ಅಲ್ಲಿ ಬರೆದಿಲ್ಲ. ಈ ಡೇಟಾಬೇಸ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, 1986ರ ಸುಮಾರಿಗೆ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ್ದು. ಹಾಗಾಗಿ ಊರೂ ಆ ಕಡೆಯದು, ಡಿಗ್ರಿಯೂ ಆ ಕಡೆಯದು. ಇದನ್ನು ತಪ್ಪು ಅನ್ನೋಕೆ ಆಗಲ್ಲ, ಬರೆದವರಿಗೆ ಹೇಳಬೇಕು ಅನಿಸಿಲ್ಲ ಅಷ್ಟೇ. ಇಂಥ ಜಾಗ ಕಂಡಾಗ ಇದು ತಪ್ಪಾ, ನನಗೇ ಗೊತ್ತಾಗ್ತಿಲ್ವಾ ಅಂತ ಮೊದಲು ಕೇಳಿಕೊಳ್ಳಬೇಕು. ಆ ಅಭ್ಯಾಸ ನನಗೆ ಬಂದಿದ್ದು ಪೆಟ್ಟು ತಿಂದ ಮೇಲೆ.

ಪೆಟ್ಟು ಅಂದರೆ ಇದು. ಹಣಕಾಸು ವರ್ಷದ ಕೊನೆ. ಮಾರ್ಚ್ ತಿಂಗಳ ವರದಿ ಬೇಕಿತ್ತು. ನಾನು ಬಿಟ್ವೀನ್ (ಇಲ್ಲಿಂದ ಇಲ್ಲಿವರೆಗೆ ಅಂತ ಡೇಟಾಬೇಸ್‌ಗೆ ಹೇಳುವ ಪದ) ಹಾಕಿ 1ನೇ ತಾರೀಖಿನಿಂದ 31ರವರೆಗೆ ಅಂತ ಬರೆದು ಕಳಿಸಿದೆ. ಮರುದಿನ ಮಂಡಿಯ ಗುಮಾಸ್ತರ ಫೋನು. "ತಮ್ಮಾ, 31ನೇ ತಾರೀಖಿನ ಬಿಲ್ಲು ಒಂದೂ ಇಲ್ವಲ್ಲೋ, ಅವತ್ತು ರಾತ್ರಿ ಎಂಟರ ತನಕ ಕೂತು ಹಾಕಿದ್ದೀವಿ." ಕಾಲಂನಲ್ಲಿ ತಾರೀಖಿನ ಜೊತೆ ಗಂಟೆಯೂ ಇತ್ತು. ನಾನು ಬರೆದ '31' ಅಂದರೆ ಡೇಟಾಬೇಸ್‌ಗೆ 31ರ ನಡುರಾತ್ರಿ ಸೊನ್ನೆ ಗಂಟೆ. ಅದಾದ ಮೇಲಿನ ಇಡೀ ದಿನ ಹೊರಗೆ. ಸಿಟ್ಟಿನಲ್ಲಿ ಡಾಕ್ಯುಮೆಂಟೇಶನ್ ತೆಗೆದೆ, ತಪ್ಪು ಹಿಡಿಯೋಣ ಅಂತ. ಬಿಟ್ವೀನ್ ಅಂದರೆ ಮೊದಲ ಬೆಲೆಗೆ ಸಮ ಅಥವಾ ಹೆಚ್ಚು, ಕೊನೆಯ ಬೆಲೆಗೆ ಸಮ ಅಥವಾ ಕಡಿಮೆ, ಎರಡು ತುದಿಯೂ ಸೇರಿದೆ ಅಂತ ಒಂದೆರಡು ಸಾಲಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. ನಾನು ಓದಿರಲಿಲ್ಲ. 'ಸೇರಿದೆ' ಅನ್ನೋ ಆ ಒಂದು ಪದ ಅಲ್ಲಿ ತಪ್ಪಾಗಿ ಅಚ್ಚಾಗಿದ್ದರೆ ಎಷ್ಟು ಜನರ ಲೆಕ್ಕ ಕೆಡುತ್ತಿತ್ತೋ! ಸಣ್ಣ ತಪ್ಪು ಕಂಡರೂ ಹೇಳಬೇಕು ಅನಿಸಿದ್ದು ಅವತ್ತಿನಿಂದ.

ಈಗ ತಿದ್ದಿಸೋ ಕಥೆ. ಆವೃತ್ತಿಗೆ ಇನ್ನೂ ಬೆಂಬಲ ಇದ್ದರೆ ಪುಟದ ಕೆಳಗೆ ತಪ್ಪು ತಿಳಿಸಲು ಒಂದು ಫಾರ್ಮ್ ಸಿಗುತ್ತದೆ. ಖಾತೆ ಮಾಡಿ ಲಾಗಿನ್ ಆಗಬೇಕು, ಅದೊಂದು ಕಿರಿಕಿರಿ. ಬರೆದದ್ದು ಒಂದು ಸಾರ್ವಜನಿಕ ಮೇಲಿಂಗ್ ಲಿಸ್ಟಿಗೆ ಮೇಲ್ ಆಗಿ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ನಮ್ಮ ಇಂಗ್ಲಿಷ್ ಹೇಗಿದೆಯೋ ಅಂತ ಅಳುಕೋದು ಬೇಡ. ಯಾವ ಪುಟ, ಯಾವ ಸಾಲು, ಏನಾಗಬೇಕು ಅಂತ ಮೂರು ಸಾಲು ಬರೆದರೆ ಸಾಕು.

ನನ್ನ ಮೊದಲ ಪ್ರಯತ್ನ ನೆನೆದರೆ ಈಗಲೂ ನಾಚಿಕೆ. 12ನೇ ಆವೃತ್ತಿ ಹಾಕಿದ್ದೆ, 2019ರಲ್ಲಿ ಬಂದದ್ದು. ರಿಕವರಿ ಡಾಟ್ ಕಾನ್ಫ್ ಅನ್ನೋ ಫೈಲ್ ಇಡಿ ಅಂತ ಪುಟದಲ್ಲಿತ್ತು. ಇಟ್ಟೆ. ಸರ್ವರ್ ಏಳಲೇ ಇಲ್ಲ. ನಿಮ್ಮ ಡಾಕ್ಯುಮೆಂಟೇಶನ್ ತಪ್ಪು ಅಂತ ಜೋರಾಗಿ ಬರೆದೆ. ಆಮೇಲೆ ನೋಡಿದರೆ ನಾನು ಓದುತ್ತಿದ್ದದ್ದು 9.6ರ ಪುಟ, ಗೂಗಲ್ ಅಲ್ಲಿಗೇ ಕರೆದುಕೊಂಡು ಹೋಗಿತ್ತು. 12ರಿಂದ ಆ ಫೈಲನ್ನೇ ತೆಗೆದು ಸೆಟ್ಟಿಂಗ್‌ಗಳನ್ನು ಮುಖ್ಯ ಕಾನ್ಫಿಗ್ ಫೈಲಿಗೆ ಸೇರಿಸಿದ್ದಾರೆ, ಹಳೇ ಫೈಲ್ ಇದ್ದರೆ ಸರ್ವರ್ ಶುರುವಾಗಲ್ಲ ಅಂತಲೂ ಬರೆದಿದ್ದಾರೆ. ಸುಮ್ನೆ ಒಬ್ಬರ ಟೈಮ್ ಹಾಳು ಮಾಡಿದೆ. ಈಗ ಯಾವ ಪುಟ ತೆರೆದರೂ ಮೊದಲು ಕಣ್ಣು ಹೋಗುವುದು ತಲೆಯಲ್ಲಿರುವ ಆವೃತ್ತಿಯ ಸಂಖ್ಯೆಗೆ. ನೀವೂ ಹಾಗೇ ಮಾಡಿ.

ಎರಡನೇದು ಕನ್ನಡದ ಕಥೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೈತರ ಹೆಸರು, ಊರು ಎಲ್ಲ ನಾವು ಕನ್ನಡದಲ್ಲೇ ಇಡುತ್ತೇವೆ. ಹೆಸರಿಗೆ 20 ಅಕ್ಷರ ಸಾಕು ಅಂತ ಕಾಲಂ ಅನ್ನು ವಾರ್‌ಚಾರ್ 20 (20ರ ಮಿತಿ) ಮಾಡಿದ್ದೆ. ಹೆಸರು ಉದ್ದವಾಯಿತು ಅಂತ ಎರರ್ ಬರತೊಡಗಿತು, ಬೆರಳಲ್ಲಿ ಎಣಿಸಿದರೆ ಹನ್ನೊಂದೋ ಹನ್ನೆರಡೋ ಅಕ್ಷರ. ಪರೀಕ್ಷೆಗೆ ಅಂತ ಉದ್ದ ಎಣಿಸುವ ಲೆಂಥ್ ಫಂಕ್ಷನ್‌ಗೆ 'ತೀರ್ಥಹಳ್ಳಿ' ಕೊಟ್ಟೆ. ನಮಗೆ ಅದು ತೀ, ರ್ಥ, ಹ, ಳ್ಳಿ, ನಾಲ್ಕೇ ಅಕ್ಷರ. ಉತ್ತರ ಬಂದದ್ದು 10. ಬೈಟ್ ಲೆಕ್ಕ ಕೇಳಿದರೆ 30. ಡಾಕ್ಯುಮೆಂಟೇಶನ್ ನೋಡಿದರೆ 'ಕ್ಯಾರೆಕ್ಟರ್‌ಗಳ ಸಂಖ್ಯೆ' ಅಂತಷ್ಟೇ ಇದೆ. ಇದು ತಪ್ಪಲ್ವಾ ಅಂತ ಬರೆಯಲು ಕೂತೆ. ಈ ಸಲ ಬುದ್ಧಿ ಬಂದಿತ್ತಲ್ಲ, ಕಳಿಸುವ ಮೊದಲು ಇನ್ನೊಮ್ಮೆ ಯೋಚಿಸಿದೆ. ಡೇಟಾಬೇಸ್ ಎಣಿಸುವುದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಬಳಸುವ ಪದ್ಧತಿ) ಸಂಕೇತಗಳನ್ನು. ತ ಒಂದು, ದೀರ್ಘ ಒಂದು, ರ ಒಂದು, ಅದರ ಜೊತೆ ಒತ್ತಕ್ಷರ ಕೂಡಿಸುವ, ಕಣ್ಣಿಗೆ ಕಾಣದ ಹಲಂತ ಚಿಹ್ನೆ ಒಂದು. ಹೀಗೆ ಹತ್ತಾಗುತ್ತದೆ, ಒಂದೊಂದಕ್ಕೆ ಮೂರು ಬೈಟ್. ಅವರ ಭಾಷೆಯಲ್ಲಿ ಅವರು ಹೇಳಿದ್ದು ಸರಿ, ನಮ್ಮ ಒತ್ತಕ್ಷರದ ಲೆಕ್ಕ ಬೇರೆ. ಆ ಮೇಲ್ ಕಳಿಸಲಿಲ್ಲ. ಆದರೂ ಅಲ್ಲೊಂದು ಸಾಲಿನ ವಿವರಣೆ ಇದ್ದರೆ ನಮ್ಮಂಥವರಿಗೆ ಅರ್ಧ ದಿನ ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಕಾಲಂ ಮಾತ್ರ ಅಂಥ ಮಿತಿ ಹಾಕದ ಟೆಕ್ಸ್ಟ್ ಮಾಡಿ ಕೈತೊಳೆದುಕೊಂಡೆ.

ಮೂರನೇದು ಗೆದ್ದಿತು. ತೀರಾ ಸಣ್ಣದು, ಒಂದೇ ಪದ ಪಕ್ಕಪಕ್ಕದಲ್ಲಿ ಎರಡು ಸಲ. ಓದುವಾಗ ಕಣ್ಣು ಅದನ್ನು ದಾಟಿಕೊಂಡು ಹೋಗಿಬಿಡುತ್ತದೆ, ಅದಕ್ಕೇ ಇಂಥವು ತುಂಬಾ ದಿನ ಉಳಿಯುತ್ತವೆ. ಈ ಸಲ ಫಾರ್ಮ್ ಬಿಟ್ಟು ನಾನೇ ಪ್ಯಾಚ್ (ಏನು ಬದಲಾಗಬೇಕು ಅಂತ ತೋರಿಸುವ ಫೈಲ್) ಮಾಡೋಣ ಅಂತ ಹೊರಟೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಇರುವುದು ಬರೀ ನಕಲು, ಅಲ್ಲಿ ಪುಲ್ ರಿಕ್ವೆಸ್ಟ್ (ತಾಣದಲ್ಲೇ ಕಳಿಸುವ ತಿದ್ದುಪಡಿ) ತೆಗೆದುಕೊಳ್ಳಲ್ಲ. ಪ್ಯಾಚನ್ನು ಮೇಲ್‌ಗೆ ಲಗತ್ತಿಸಿ ಕಳಿಸಬೇಕು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಡಾಕ್ಯುಮೆಂಟೇಶನ್ ಇರುವುದು ಕೋಡ್ ಜೊತೆಗೇ, ಒಂದೇ ರೆಪಾಸಿಟರಿಯಲ್ಲಿ. ಫೈಲುಗಳ ಹೆಸರಿನ ಬಾಲದಲ್ಲಿ ಇನ್ನೂ ಎಸ್‌ಜಿಎಂಎಲ್ ಅಂತಿದೆ, ಒಳಗೆ ಇರುವುದು ಎಕ್ಸ್‌ಎಂಎಲ್ (ಎರಡೂ ಟ್ಯಾಗ್ ಹಾಕಿ ಬರೆಯುವ ವಿಧಾನ, ಮೊದಲನೆಯದು ಹಳೆಯದು). ಹಳೇ ಬೋರ್ಡ್ ತೆಗೆಯದ ಅಂಗಡಿ ಥರ. ಒಂದು ಟ್ಯಾಗ್ ಮುಚ್ಚೋದು ಮರೆತೆ, ಬಿಲ್ಡ್ (ಫೈಲುಗಳಿಂದ ಪುಟ ತಯಾರಿಸುವ ಕೆಲಸ) ನಿಂತೇ ಹೋಯಿತು. ಒಂದು ಪದ ಅಳಿಸೋಕೆ ಇಡೀ ಭಾನುವಾರದ ಮಧ್ಯಾಹ್ನ. ಹೆಂಡತಿ ಬಂದು "ಏನ್ರೀ ಮಾಡ್ತಿದ್ದೀರಾ ಇಷ್ಟೊತ್ತು" ಅಂದಳು. ಒಂದು ಪದ ಅಳಿಸ್ತಿದ್ದೀನಿ ಅಂದೆ. ಮುಖ ನೋಡಿ ಹೋದಳು.

ತಪ್ಪು ಹಳೇ ಆವೃತ್ತಿಗಳಲ್ಲೂ ಇದ್ದರೆ ಬೆಂಬಲ ಇರುವ ಆವೃತ್ತಿಗಳಲ್ಲೂ ತಿದ್ದುತ್ತಾರೆ, ಇದು ನನಗೆ ತುಂಬಾ ಹಿಡಿಸಿದ ವಿಷಯ. ಒಂದೊಂದು ಆವೃತ್ತಿಗೆ ಐದು ವರ್ಷ ಬೆಂಬಲ. ಆದರೆ ಒಪ್ಪಿದ ಕೂಡಲೇ ಎಲ್ಲ ಪುಟ ಬದಲಾಗಲ್ಲ. ಅಭಿವೃದ್ಧಿ ಹಂತದ ಪುಟದಲ್ಲಿ ಬೇಗ ಕಾಣುತ್ತದೆ. ಉಳಿದವು ಮುಂದಿನ ಸಣ್ಣ ಬಿಡುಗಡೆ ತನಕ ಕಾಯಬೇಕು, ಅದು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ನಾನು ದಿನಾ ಪುಟ ತೆರೆದು ನೋಡಿ, ನನ್ನ ತಿದ್ದುಪಡಿ ಎಲ್ಲೋ ಕಳೆದೇಹೋಯಿತು ಅಂದುಕೊಂಡಿದ್ದೆ.

ಒಂದು ಅಂಕ ಕಡಿದದ್ದು ಯಾಕೆ ಅಂದರೆ, ಹೊಸಬರಿಗೆ ಈ ಮೇಲ್, ಪ್ಯಾಚ್, ಬಿಲ್ಡ್ ಎಲ್ಲ ಜಾಸ್ತಿಯೇ ಆಯಿತು. ಫ್ರೆಂಚ್, ಜಪಾನಿ, ರಷ್ಯನ್ ಭಾಷೆಗಳಲ್ಲಿ ಇದೇ ಡಾಕ್ಯುಮೆಂಟೇಶನ್ ಓದಬಹುದು, ಅದನ್ನು ನೋಡಿದಾಗ ಹೊಟ್ಟೆಕಿಚ್ಚೂ ಆಗುತ್ತದೆ. ಉಳಿದಂತೆ ದೂರಿಲ್ಲ. ಶುರು ಮಾಡುವವರು ಫಾರ್ಮಿನಿಂದಲೇ ಶುರು ಮಾಡಿ, ಪ್ಯಾಚ್ ಸಹವಾಸ ಆಮೇಲೆ. ನಾನಂತೂ ನಿನ್ನೆ ರಾತ್ರಿ ಇಂಡೆಕ್ಸ್ ಪುಟದಲ್ಲಿ ಒಂದು ಅಲ್ಪವಿರಾಮ ಅನುಮಾನವಾಗಿ ಗುರುತು ಹಾಕಿಟ್ಟಿದ್ದೇನೆ. ಮೊದಲು ಆವೃತ್ತಿ ಸಂಖ್ಯೆ ನೋಡಬೇಕು.