ಸ್ಟ್ರೇಟ್ ರೇಜರ್: ಚರ್ಮ ಒಗ್ಗಿಕೊಳ್ಳುತ್ತಾ?

5/8 ಇಂಚು ಅಗಲ, ದುಂಡು ತುದಿ, ಕಾರ್ಬನ್ ಸ್ಟೀಲ್. ಕೆಲವು ವರ್ಷಗಳಿಂದ ಈ ಸ್ಟ್ರೇಟ್ ರೇಜರ್‌ನಲ್ಲೇ, ಅಂದರೆ ಹಿಡಿಯೊಳಗೆ ಮಡಚುವ ಉದ್ದ ಅಲಗಿನ ಕ್ಷೌರದ ಕತ್ತಿಯಲ್ಲೇ ಶೇವ್ ಮಾಡುತ್ತಿದ್ದೇನೆ. ಕೊಳ್ಳುವ ಮುಂಚೆ ಎಲ್ಲರಿಗೂ ಇರುವ ಅನುಮಾನ, ಚರ್ಮ ಇದಕ್ಕೆ ಒಗ್ಗಿಕೊಳ್ಳುತ್ತಾ ಅನ್ನುವುದು. ಒಗ್ಗಿಕೊಳ್ಳುತ್ತದೆ. ಅದಕ್ಕೆ ಮೊದಲು ಕೈ ಪಳಗಬೇಕು, ಅಷ್ಟೇ.

ಶುರುವಿನಲ್ಲಿ ಕತ್ತು ಕೆಂಪಾಗುತ್ತದೆ. ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಏಳುತ್ತವೆ. ನನ್ನದು ಸೂಕ್ಷ್ಮ ಚರ್ಮ ಅಂತ ಅನಿಸುವುದು ಆಗಲೇ. ಆದರೆ ಬಹಳಷ್ಟು ಸಲ ಕಾರಣ ಒತ್ತಡ ಮತ್ತು ಕೋನ. ಬ್ಲೇಡಿನ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್‌ನಲ್ಲಿ ಕೋನ ಮೊದಲೇ ಕೂತಿರುತ್ತದೆ. ಇಲ್ಲಿ ಅದನ್ನು ನಮ್ಮ ಮಣಿಕಟ್ಟು ಹಿಡಿಯಬೇಕು. ಅಲಗಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಸಾಕು. ಜಾಸ್ತಿ ಎತ್ತಿದರೆ ಅಲಗು ಚರ್ಮದ ಮೇಲ್ಪದರವನ್ನೇ ಕೆರೆಯುತ್ತದೆ. ತೀರಾ ಮಲಗಿಸಿದರೆ ಕೂದಲನ್ನು ಎಳೆಯುತ್ತದೆ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿಯದಿದ್ದರೆ ಕೋನ ಸರಿಯಿದ್ದೂ ಉಪಯೋಗವಿಲ್ಲ.

ಚರ್ಮದ ಮೇಲ್ಪದರ ಹೊಸದಾಗಲು ನಾಲ್ಕು ವಾರವಾದರೂ ಬೇಕು. ಕೆರೆದ ಜಾಗವನ್ನೇ ದಿನಾ ಕೆರೆದರೆ ಅದು ಯಾವಾಗ ಮಾಯಬೇಕು? ಅದಕ್ಕೇ ಹೊಸಬರು ದಿನ ಬಿಟ್ಟು ದಿನ ಮಾಡುವುದು ಒಳ್ಳೆಯದು. ಮೊದಲು ಬರೀ ಕೆನ್ನೆ. ಗದ್ದ, ಮೇಲ್ದುಟಿ, ಕತ್ತು ಹಳೆ ರೇಜರ್‌ಗೇ ಇರಲಿ. ಕೂದಲು ಬೆಳೆದ ದಿಕ್ಕಿಗೆ ಒಂದು ಸುತ್ತು ಎಳೆದು ನಿಲ್ಲಿಸಿ. ಅಲ್ಲಲ್ಲಿ ಒರಟು ಉಳಿದರೂ ಪರವಾಗಿಲ್ಲ. ಎದುರು ದಿಕ್ಕಿಗೆ ಎಳೆಯಲು ತಿಂಗಳುಗಟ್ಟಲೆ ಕಾಯಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಪಟಿಕ. ಶೇವ್ ಆದ ಮೇಲೆ ಒದ್ದೆ ಮುಖಕ್ಕೆ ಅದರ ತುಂಡನ್ನು ಸವರಬೇಕು. ಎಲ್ಲಿ ಚುರ್ರೆನ್ನುತ್ತದೋ ಅಲ್ಲಿ ಕೈ ಒತ್ತಿದೆ ಅಂತ ಅರ್ಥ. ಬರಬರುತ್ತಾ ನನಗೆ ಆ ಉರಿ ದವಡೆಯ ಕೆಳಗೆ ಮಾತ್ರ ಉಳಿಯಿತು. ಬೆರಳಾಡಿಸಿ ನೋಡಿದರೆ ಅಲ್ಲಿ ಕೂದಲು ಅಡ್ಡಡ್ಡ ಬೆಳೆದಿತ್ತು. ಎಳೆಯುವ ದಿಕ್ಕು ಬದಲಿಸಿದ ಮೇಲೆ ಅದೂ ಹೋಯಿತು.

ಹರಿತದ ಬಗ್ಗೆ ಉದಾಸೀನ ಬೇಡ. ಮೊಂಡು ಅಲಗು ಹಿಡಿದಾಗ ಕೈ ತಾನಾಗೇ ಒತ್ತುತ್ತದೆ. ಪ್ರತಿ ಶೇವ್‌ಗೂ ಮುಂಚೆ ರೇಜರನ್ನು ತೊಗಲಿನ ಪಟ್ಟಿಯ ಮೇಲೆ 40-50 ಸಲ, ಅಲಗಿನ ಬೆನ್ನು ಮುಂದಾಗಿ ಎಳೆಯುತ್ತೇನೆ. ಕೆಲವು ತಿಂಗಳಿಗೊಮ್ಮೆ ಸಾಣೆಕಲ್ಲು. ಹೊಸ ರೇಜರ್ ಕೂಡ ಎಷ್ಟೋ ಸಲ ಸಾಣೆ ಹಿಡಿಯದೆ ಶೇವ್‌ಗೆ ಆಗುವುದಿಲ್ಲ. ಕೊಳ್ಳುವಾಗಲೇ ಕೇಳಿ. ಒರೆಸಿ ಒಣಗಿಸದಿದ್ದರೆ ತುಕ್ಕು ಹಿಡಿಯುತ್ತದೆ.

ಲಾಭ ಏನು ಅಂದರೆ, ಕತ್ತಿನಲ್ಲಿ ಕೂದಲು ಒಳಗೇ ಸುರುಳಿಕೊಂಡು ಗುಳ್ಳೆಯಾಗುವುದು ನನಗೆ ತುಂಬಾ ಕಡಿಮೆಯಾಗಿದೆ. ಹಲವು ಬ್ಲೇಡಿನ ರೇಜರ್ ಕೂದಲನ್ನು ಎತ್ತಿ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಲ್ಲದು. ಇಲ್ಲಿರುವುದು ಒಂದೇ ಅಲಗು.

ಮುಖದ ತುಂಬಾ ಮೊಡವೆ ಇರುವವರು ಅದು ಮಾಯುವವರೆಗೆ ಕಾಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಇದನ್ನು ಕೊಳ್ಳಲೇಬೇಡಿ.